ಎರಡು ಹಾಳೆಯ ಭಾರದ ನೂಕು

ಅಂಗೈ ಮೇಲಿಟ್ಟ ಎರಡು ಎ4 ಹಾಳೆ ಎಷ್ಟು ಭಾರವೋ, ನಾಸಾದ ‘ಡಾನ್’ ನೌಕೆಯ ಅಯಾನ್ ಎಂಜಿನ್ ಪೂರ್ಣ ಶಕ್ತಿಯಲ್ಲಿ ಕೊಡುತ್ತಿದ್ದ ನೂಕುಬಲವೂ ಅಷ್ಟೇ: ಸುಮಾರು 90 ಮಿಲಿನ್ಯೂಟನ್. ಇಷ್ಟನ್ನೇ ನಂಬಿ ನೌಕೆ 2011ರಲ್ಲಿ ಕ್ಷುದ್ರಗ್ರಹ ವೆಸ್ಟಾದ, 2015ರಲ್ಲಿ ಕುಬ್ಜಗ್ರಹ ಸೀರಿಸ್‌ನ ಕಕ್ಷೆ ಸೇರಿತು. ಭೂಮಿಯಾಚೆಯ ಎರಡು ಕಾಯಗಳನ್ನು ಸುತ್ತಿದ ಮೊದಲ ನೌಕೆ ಅದು.

ಗುಟ್ಟಿರುವುದು ವೇಗದಲ್ಲಿ. ಎಂಜಿನ್ ಕ್ಸೆನಾನ್ ಪರಮಾಣುಗಳಿಂದ ಎಲೆಕ್ಟ್ರಾನ್ ಕಿತ್ತು, ಹಾಗೆ ಅಯಾನುಗಳಾದ ಅವನ್ನು ಸಾವಿರ ವೋಲ್ಟ್‌ಗೂ ಮಿಕ್ಕ ವಿದ್ಯುತ್ತಿನಿಂದ ಸೆಕೆಂಡಿಗೆ 30 ಕಿ.ಮೀ. ಆಸುಪಾಸಿನ ವೇಗದಲ್ಲಿ ಹೊರಗೆಸೆಯುತ್ತದೆ. ದಿನವಿಡೀ ಓಡಿದರೂ ಕ್ಸೆನಾನ್ ಖರ್ಚು ಹೆಚ್ಚುಕಮ್ಮಿ ಕಾಲು ಕಿಲೋ!

ಆದರೆ ನಿಜಕ್ಕೂ ಬೆರಗು ಹುಟ್ಟಿಸುವುದು ಬಾಳಿಕೆ. ಅಯಾನುಗಳು ದಾಟುವುದು ಸಾವಿರಾರು ಸಣ್ಣ ತೂತುಗಳ ಮಾಲಿಬ್ಡಿನಂ ಜಾಲರಿಗಳನ್ನು. ದಾರಿ ತಪ್ಪಿದವು ಜಾಲರಿಗೇ ಬಡಿದು ಲೋಹವನ್ನು ಕಣಕಣವಾಗಿ ಸವೆಸುತ್ತವೆ. ನಾಸಾದ ಇನ್ನೊಂದು ಅಯಾನ್ ಎಂಜಿನ್ ನೌಕೆ ‘ಡೀಪ್ ಸ್ಪೇಸ್ 1’ಕ್ಕೆಂದು ಮಾಡಿದ ಹೆಚ್ಚುವರಿ ಎಂಜಿನನ್ನು 1998ರಿಂದ 2003ರವರೆಗೆ ಕ್ಯಾಲಿಫೋರ್ನಿಯಾದ ನಾಸಾ ಪ್ರಯೋಗಾಲಯ ಜೆಪಿಎಲ್‌ನ ನಿರ್ವಾತ ಕೋಣೆಯಲ್ಲಿ 30,352 ಗಂಟೆ ಓಡಿಸಿದರು. ವಿನ್ಯಾಸಕರು ಅಂದುಕೊಂಡಿದ್ದ ಆಯುಸ್ಸು 8,000 ಗಂಟೆ.

ನಿಲ್ಲಿಸಿದ್ದು ಎಂಜಿನ್ ಕೆಟ್ಟಿದ್ದರಿಂದಲ್ಲ, ಬಿಚ್ಚಿ ಸವೆತ ನೋಡಲೆಂದು. ನೋಡಿದರೆ, ಎಲೆಕ್ಟ್ರಾನ್ ಹೊಮ್ಮಿಸುವ ಕ್ಯಾಥೋಡನ್ನು ಕಾಯಬೇಕಿದ್ದ ಮುಂಭಾಗದ ತಟ್ಟೆ ಪೂರ್ತಿ ಸವೆದುಹೋಗಿತ್ತು. ಮುಂದಿನ ತಲೆಮಾರಿನ ‘ನೆಕ್ಸ್ಟ್’ ಎಂಜಿನ್ ಪರೀಕ್ಷೆಯಲ್ಲಿ 50,000 ಗಂಟೆ ದಾಟಿತು.