ಜಂಬೂದ್ವೀಪದಿಂದ ಉಡುತಡಿಗೆ

ಒಂದು ಹಳ್ಳಿಯ ದೇವಸ್ಥಾನಕ್ಕೆ ಬಿಟ್ಟ ನಾಲ್ಕು ಮತ್ತರು ಗದ್ದೆಯ ವಿಷಯ ಹೇಳಬೇಕಾದರೂ ನಮ್ಮ ಶಾಸನಕವಿಗಳಿಗೆ ಸಮುದ್ರದಿಂದಲೇ ಆರಂಭಿಸಬೇಕು. ಮೊದಲು ಕಡಲು, ಕಡಲು ಸುತ್ತುವರಿದ ಜಂಬೂದ್ವೀಪ, ಅದರ ನಡುವೆ ಮೇರು, ಮೇರುವಿನ ತೆಂಕಲಿಗೆ ಭರತಖಂಡ, ಅಲ್ಲಿ ಕುಂತಳದೇಶ, ಕುಂತಳದೊಳಗೆ ಬನವಾಸಿ 12000, ಅದರೊಳಗೆ ನಾಗರಖಂಡ 70 ಅಥವಾ ಜಿಡ್ಡುಳಿಗೆ 70, ಕಟ್ಟಕಡೆಗೆ ಊರು, ಊರ ಮುಂದಿನ ಕೆರೆ, ಕೆರೆಯ ಕೆಳಗಿನ ಗದ್ದೆ. ಶಿಕಾರಿಪುರ, ಸೊರಬ ತಾಲ್ಲೂಕುಗಳ ಕಲ್ಲುಗಳಲ್ಲಿ ಈ ಇಳಿಜಾರು ಮತ್ತೆ ಮತ್ತೆ ಕಾಣಬರುತ್ತದೆ. ರೈಸ್ ಸಾಹೇಬರು 1902ರಲ್ಲಿ ಮತ್ತು 1904ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಕದ ಏಳನೆಯ ಮತ್ತು ಎಂಟನೆಯ ಸಂಪುಟಗಳನ್ನು ತಿರುವಿ ಹಾಕಿದವರಿಗೆ ಇದು ಹೊಸದಲ್ಲ.

ಆದರೆ ಈ ಪೀಠಿಕೆಯನ್ನು ಓದುವವರು ಯಾರು? ಚರಿತ್ರಕಾರರು ಅದನ್ನು ಹಾರಿಸಿ ಶಕವರ್ಷಕ್ಕೂ ದಾನಿಯ ಹೆಸರಿಗೂ ಬರುತ್ತಾರೆ. ಸಾಹಿತ್ಯವಿಮರ್ಶಕರು ಅದು ಕವಿಸಮಯವೆಂದು ಹೇಳಿ ಕೈಬಿಡುತ್ತಾರೆ. ಹೀಗೆ ಎರಡು ಮನೆಯ ನೆಂಟನಾಗಿ ಅದು ಉಪವಾಸ ಉಳಿದಿದೆ. ನನ್ನ ಮಟ್ಟಿಗೆ ಹೇಳುವುದಾದರೆ, ಒಂದು ಪುಟ್ಟ ನಾಡಿನ ಭೂಗೋಳ, ಪ್ರಜೆ, ಆಡಳಿತ ಈ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳುವ ಬರವಣಿಗೆ ಕನ್ನಡದಲ್ಲಿ ಇದಕ್ಕಿಂತ ಬೇರೆ ಇಷ್ಟು ಹಳೆಯದು ಸಿಕ್ಕುವುದು ಕಷ್ಟ. ಕವಿಯ ದೃಷ್ಟಿಯಲ್ಲಿ ಇಡೀ ಲೋಕವೇ ಒಂದು ದ್ವೀಪ. ಆ ದ್ವೀಪದೊಳಗೆ ಗೆರೆಯೊಳಗೊಂದು ಗೆರೆ ಎಳೆಯುತ್ತ ಅವನು ತನ್ನ ನಾಡನ್ನು ಇನ್ನೊಂದು ದ್ವೀಪವಾಗಿ ಮಾಡಿಕೊಳ್ಳುತ್ತಾನೆ. ಬನವಾಸಿಗಂತೂ ಈ ಮಾತು ಅಲಂಕಾರವೇ ಅಲ್ಲ. ವರದೆ ಮೂರು ಕಡೆ ಸುತ್ತಿ ಹರಿಯುವ ಊರು ಅದು.

ಕವಿಸಮಯವೆಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕೋಗಿಲೆ, ಗಿಳಿ, ತುಂಬಿ, ಮಾವು ಇವೆಲ್ಲ ಎಲ್ಲ ನಾಡಿನ ವರ್ಣನೆಯಲ್ಲಿಯೂ ಉಂಟು, ನಿಜ. ಆದರೆ ಅಡಕೆ, ವೀಳೆಯದೆಲೆ, ಭತ್ತದ ಗದ್ದೆ, ಕೆರೆಯ ಮೇಲೆ ಕೆರೆ ಎಂದಾಗ ಕವಿ ಕಣ್ಣಿಗೆ ಕಂಡದ್ದನ್ನೇ ಹೇಳುತ್ತಿದ್ದಾನೆ. ಮಲೆನಾಡು ಮುಗಿದು ಬಯಲುಸೀಮೆ ಇನ್ನೂ ಆರಂಭವಾಗದ ಸೆರಗು ಇದು. ಒಂದು ಕಡೆ ವರದೆ, ದಂಡಾವತಿ; ಇನ್ನೊಂದು ಕಡೆ ಕುಮುದ್ವತಿ. ಮಳೆಯಿದ್ದರೂ ನೀರನ್ನು ಕಟ್ಟಿ ನಿಲ್ಲಿಸದಿದ್ದರೆ ಬೇಸಗೆಗೆ ಉಳಿಯುವುದಿಲ್ಲ. ಆದ್ದರಿಂದಲೇ ಕೆರೆ, ಆದ್ದರಿಂದಲೇ ಕೆರೆಗೆ ದಾನ, ಆದ್ದರಿಂದಲೇ ಶಾಸನ. ಪಂಪನೂ ಭಾರತದ ಕಥೆಯ ನಡುವೆ ಅರ್ಜುನನನ್ನು ಬನವಾಸಿಗೆ ಕರೆತಂದು ನಿಲ್ಲಿಸಿದ್ದು ಈ ನೆಲದ ಮೋಹದಿಂದಲೇ. ಅವನ ಪದ್ಯಗಳನ್ನು ಬಾಯಿಪಾಠ ಮಾಡಿಸುವ ನಾವು, ಅದೇ ನೆಲವನ್ನು ಹಾಡಿದ ಹೆಸರಿಲ್ಲದ ಕವಿಗಳನ್ನು ಗುಮಾಸ್ತರೆಂದು ಎಣಿಸುವುದು ನ್ಯಾಯವಲ್ಲ.

ಆಡಳಿತದ ಭಾಗ ಇನ್ನೂ ಸ್ವಾರಸ್ಯವಾದದ್ದು. ಚಕ್ರವರ್ತಿ ದೂರದ ಕಲ್ಯಾಣದಲ್ಲಿ. ಬನವಾಸಿಗೆ ಅವನ ಕಡೆಯ ಮಂಡಳೇಶ್ವರನೋ ದಂಡನಾಯಕನೋ. ನಾಡಿಗೆ ನಾಳ್ಗಾವುಂಡ, ಊರಿಗೆ ಗಾವುಂಡ, ಅಗ್ರಹಾರಕ್ಕೆ ಮಹಾಜನರು, ಪಟ್ಟಣಕ್ಕೆ ಪಟ್ಟಣಸ್ವಾಮಿ ಮತ್ತು ನಖರದ ಸೆಟ್ಟಿಗಳು. ಸುಂಕದ ಹೆಸರುಗಳೇ ಒಂದು ಪುಟ್ಟ ನಿಘಂಟಿಗೆ ಸಾಕು: ಪೆರ್ಜುಂಕ, ವಡ್ಡರಾವುಳ, ಬಿಲ್ಕೊಡೆ. ಬಳ್ಳಿಗಾವೆಯಲ್ಲಿ ಹರಿ, ಹರ, ಬ್ರಹ್ಮ, ಜಿನ, ಬುದ್ಧ ಐವರಿಗೂ ಆಲಯಗಳಿದ್ದವು. 1065ರಲ್ಲಿ ಅಲ್ಲಿ ಬೌದ್ಧವಿಹಾರವೊಂದು ಕಟ್ಟಲ್ಪಟ್ಟಿತು. ಬಿಜ್ಜಳನ ಕಾಲದ 1162ರ ಶಾಸನವೊಂದು ಅಲ್ಲಿಯ ಕೋಡಿಯ ಮಠವನ್ನು ವರ್ಣಿಸುತ್ತದೆ. ವೇದ, ವ್ಯಾಕರಣ, ದರ್ಶನಗಳ ಪಾಠದ ಪಟ್ಟಿ ಮುಗಿದ ಮೇಲೆ ಕವಿ ನಿಲ್ಲುವುದಿಲ್ಲ. ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ ಅಲ್ಲಿ ಅನ್ನವುಂಟು, ರೋಗಿಗಳಿಗೆ ಔಷಧವುಂಟು, ಸಕಲ ಪ್ರಾಣಿಗಳಿಗೆ ಅಭಯವುಂಟು ಎಂದು ಸೇರಿಸುತ್ತಾನೆ. ರಾಜನ ಬಿರುದುಗಳ ಉರುಳುವ ಸಮಾಸಗಳನ್ನು ಓದಿ ದಣಿದವನಿಗೆ ಈ ಭಾಗ ಬಂದಾಗ ಉಸಿರಾಡುವಂತಾಗುತ್ತದೆ. ಕಾವ್ಯವೆಂದರೆ ಇದೂ ಹೌದೆಂದು ನನ್ನ ಅಭಿಪ್ರಾಯ.

ಇಷ್ಟಕ್ಕೇ ನಿಲ್ಲಿಸಿದರೆ ನಾವೂ ಶಾಸನಕವಿಯ ಜೊತೆ ಸೇರಿ ಹೊಗಳುಭಟರಾಗುತ್ತೇವೆ. ಅದೇ ಸೀಮೆಯ ವೀರಗಲ್ಲುಗಳನ್ನು ಪಕ್ಕದಲ್ಲಿಟ್ಟು ಓದಬೇಕು. ಅಲ್ಲಿ ಜಂಬೂದ್ವೀಪವೂ ಇಲ್ಲ, ಮೇರುವೂ ಇಲ್ಲ. ತುರುಗೋಳು, ಊರಳಿವು, ಪೆಣ್ಬುಯ್ಯಲು: ಇಷ್ಟೇ ಮಾತು. ದನ ಹೊಡೆದುಕೊಂಡು ಹೋದರು, ಊರು ಸುಟ್ಟರು, ಹೆಂಗಸರು ಕೂಗಿಕೊಂಡರು, ಇಂಥವನು ಅಡ್ಡ ನಿಂತು ಸತ್ತ. ದಾನಶಾಸನದ ಗದ್ಯ ಹೊಳೆಯಂತೆ ಹರಿದರೆ ಇದು ಕಲ್ಲು ಕುಟ್ಟಿದಂತೆ ಕೇಳುತ್ತದೆ. ಯಾವುದು ನಾಡಿನ ನಿಜವಾದ ಚಿತ್ರ ಎಂದು ಕೇಳುವವರಿಗೆ ನಾನು ಎರಡನ್ನೂ ಒಟ್ಟಿಗೇ ತೋರಿಸುತ್ತೇನೆ. ಬಿರುದು ಹೊತ್ತ ಮಂಡಳೇಶ್ವರ ರಕ್ಷಿಸುತ್ತಿದ್ದನೆಂಬ ನಾಡಿನಲ್ಲಿ, ರಾತ್ರಿ ಎದ್ದು ದನದ ಹಿಂದೆ ಓಡಿದವನು ಊರಿನ ಒಬ್ಬ ಸಾಮಾನ್ಯ.

ಇದನ್ನೆಲ್ಲ ಬಿಡಿಸಿ ಹೇಳಿದ್ದು ಉಡುತಡಿಗಾಗಿ. ಅಕ್ಕಮಹಾದೇವಿಯ ಊರು ಬಳ್ಳಿಗಾವೆಯ ನೆರೆಯದು, ಅಲ್ಲಮನನ್ನು ಪರಂಪರೆ ಬಳ್ಳಿಗಾವೆಯವನೆಂದೇ ಹೇಳುತ್ತದೆ. ಆದರೆ ಅಕ್ಕನನ್ನು ಕುರಿತ ನಮ್ಮ ವಿಮರ್ಶೆಯಲ್ಲಿ ಉಡುತಡಿ ಎಂಬುದು ಬರಿಯ ಹೆಸರು, ಕೌಶಿಕ ಎಂಬವನು ಕಥೆಯ ಒಬ್ಬ ರಾಜ. ಎಲ್ಲಿಯ ರಾಜನಾದರೂ ಆದೀತು, ಎಲ್ಲಿಯ ಅರಮನೆಯಾದರೂ ಆದೀತು. ಹರಿಹರನ ರಗಳೆಯನ್ನು ಎಚ್ಚರದಿಂದ ಓದಿದರೆ ಹಾಗೆ ಕಾಣುವುದಿಲ್ಲ. ಅರಸನ ಮೆರವಣಿಗೆ ಬೀದಿಯಲ್ಲಿ ಬರುತ್ತದೆ; ಮನೆಯ ಬಾಗಿಲಿನಲ್ಲಿ ನಿಂತ ಹುಡುಗಿ ಅವನ ಕಣ್ಣಿಗೆ ಬೀಳುತ್ತಾಳೆ; ಮಂತ್ರಿಗಳು ಅವಳ ತಂದೆತಾಯಿಯ ಮನೆಗೇ ಹೋಗುತ್ತಾರೆ. ಇದು ಸಣ್ಣ ರಾಜ್ಯದ ಕಥೆ. ಅರಮನೆಗೂ ಮನೆಗೂ ನಡುವೆ ಒಂದೇ ಬೀದಿ. ಸಾಮ್ರಾಜ್ಯದಲ್ಲಿ ಅರಸನ ಕಣ್ಣು ತಪ್ಪಿಸಿಕೊಂಡು ಬಾಳಬಹುದು. ಎಪ್ಪತ್ತರ ನಾಡಿನಲ್ಲಿ ಎಲ್ಲಿಗೆ ಹೋಗುವುದು? ಪುಟ್ಟ ನಾಡಿನ ಚೆಲುವೂ ಇಕ್ಕಟ್ಟೂ ಒಂದೇ ಕಡೆ ಇವೆ.

ಚಾಮರಸನ ಪ್ರಭುಲಿಂಗಲೀಲೆ 15ನೆಯ ಶತಮಾನದ್ದು. ಅಲ್ಲಿ ಅಕ್ಕನ ತಂದೆತಾಯಿಗಳಿಗೆ ನಿರ್ಮಲ, ಸುಮತಿ ಎಂದು ಹೆಸರು. ಹೆಸರು ಕೇಳಿದ ಕೂಡಲೆ ಊರು ಮಾಯವಾಗಿ ತತ್ತ್ವ ಉಳಿಯುತ್ತದೆ. ಚಾಮರಸ ದೊಡ್ಡ ಕವಿ, ಅವನ ಉದ್ದೇಶ ಬೇರೆ. ಆದರೂ ಉಡುತಡಿಯ ಬೀದಿ ಬೇಕಾದವರು ಹರಿಹರನ ಬಳಿಗೇ ಹೋಗಬೇಕು.

ಇನ್ನೊಂದು ಮಾತು. ಬಂದಳಿಕೆಯ ಶಾಸನವೊಂದು 10ನೆಯ ಶತಮಾನದ ಆದಿಯದು. ನಾಗರಖಂಡ 70ರ ನಾಳ್ಗಾವುಂಡ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಅವನ ಹೆಂಡತಿ ಜಕ್ಕಿಯಬ್ಬೆಗೆ ಆ ಅಧಿಕಾರ ಬಂತು. ಅವಳು ನಾಡನ್ನು ಚೆನ್ನಾಗಿ ಆಳಿದಳು. ಹೆಣ್ಣಾದರೂ ವೀರದ ಹೆಮ್ಮೆಯುಳ್ಳವಳೆಂದು ಶಾಸನ ಹೊಗಳುತ್ತದೆ. ಆ ‘ಆದರೂ’ ಎಂಬುದನ್ನು ಓದುಗರು ಗಮನಿಸಬೇಕು. ಕಡೆಗೆ ರೋಗ ಬಂದಾಗ ಅಧಿಕಾರವನ್ನು ಮಗಳಿಗೆ ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ಸಲ್ಲೇಖನದಿಂದ ದೇಹ ಬಿಟ್ಟಳು. ಅಕ್ಕನಿಗಿಂತ ಸುಮಾರು ಇನ್ನೂರೈವತ್ತು ವರ್ಷ ಹಿಂದಿನ ಮಾತು ಇದು. ನೆಲ ಹೆಚ್ಚುಕಡಮೆ ಅದೇ, ಕೆರೆ ತೋಟಗಳು ಅವೇ.

ಹೀಗಿರುವಾಗ, ಆ ಸೀಮೆಯಲ್ಲಿ ಹೆಣ್ಣಿಗೆ ದಾರಿಯೇ ಇರಲಿಲ್ಲವೆಂದು ಹೇಳಿ ಅಕ್ಕನ ನಿರ್ಗಮನವನ್ನು ವಿವರಿಸುವುದು ಸುಲಭವಾದ ಆದರೆ ಸಾಲದ ವಿವರಣೆ. ಒಂದು ದಾರಿ ಇತ್ತು: ಗಂಡ ಸತ್ತ ಮೇಲೆ ನಾಡನ್ನು ಆಳಬಹುದಿತ್ತು, ಆಳಿ ಮುಗಿಸಿದ ಮೇಲೆ ತ್ಯಾಗ ಮಾಡಬಹುದಿತ್ತು. ಜಕ್ಕಿಯಬ್ಬೆ ನಾಡಿನ ಗೆರೆಯೊಳಗೇ ಇದ್ದು ದೊಡ್ಡವಳಾದಳು. ಅಕ್ಕ ಕೇಳಿದ್ದು ಅದನ್ನಲ್ಲ. ಆಳುವ ಅಧಿಕಾರವೂ ಅವಳಿಗೆ ಬೇಡ, ಆಳಿಸಿಕೊಳ್ಳುವ ಸುಖವೂ ಬೇಡ. ಶಾಸನಕವಿ ಜಂಬೂದ್ವೀಪದಿಂದ ಉಡುತಡಿಯ ಕಡೆಗೆ ಗೆರೆ ಎಳೆಯುತ್ತ ಇಳಿದು ಬಂದರೆ, ಅವಳು ಉಡುತಡಿಯಿಂದ ಆ ಗೆರೆಗಳನ್ನು ಒಂದೊಂದಾಗಿ ದಾಟುತ್ತ ಹೊರಟಳು. ಮೊದಲು ಅರಮನೆ, ಆಮೇಲೆ ಊರು, ಆಮೇಲೆ ಅಡಕೆಯ ತೋಟಗಳ ನಾಡು, ಆಮೇಲೆ ಬನವಾಸಿ 12000, ಆಮೇಲೆ ಚಕ್ರವರ್ತಿಯ ಕಲ್ಯಾಣವೂ ಹಿಂದೆ ಬಿದ್ದು, ಶ್ರೀಶೈಲದ ಕಾಡು.