ಎರಡು ಗರಡಿಯ ವರಸೆ

‘ಸ್ಟ್ರೀಟ್ ಫೈಟರ್ 6’ ಎಂಬ ಹೊಡೆದಾಟದ ವಿಡಿಯೊ ಆಟಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಟೆರಿ ಬೊಗಾರ್ಡ್ ಬಂದ. ಮರುವರ್ಷದ ಆರಂಭಕ್ಕೆ ಮಾಯ್ ಶಿರಾನುಯಿ ಬಂದಳು. ಇಬ್ಬರೂ ಆ ಆಟ ಮಾಡುವ ಕ್ಯಾಪ್‌ಕಾಮ್‌ನವರಲ್ಲ, ಅದರ ಹಳೇ ಎದುರಾಳಿ ಎಸ್‌ಎನ್‌ಕೆ ಕಂಪನಿಯ ಪಾತ್ರಗಳು. ಅತ್ತ ಎಸ್‌ಎನ್‌ಕೆ 2025ರಲ್ಲಿ ತಂದ ‘ಫೇಟಲ್ ಫ್ಯೂರಿ’ಯ ಹೊಸ ಭಾಗದಲ್ಲಿ ಕ್ಯಾಪ್‌ಕಾಮ್‌ನ ಕೆನ್‌ಗೂ ಚುನ್ ಲೀಗೂ ಜಾಗ ಸಿಕ್ಕಿತು. ಒಬ್ಬರ ಪಾತ್ರ ಇನ್ನೊಬ್ಬರ ಆಟಕ್ಕೆ ಹೋಗಿಬರುವುದು ಇವತ್ತು ಮಾಮೂಲಿ ವ್ಯಾಪಾರ. ಆದರೂ ಈ ಎರಡು ಕಂಪನಿಗಳ ನಂಟನ್ನು ಬರೀ ವ್ಯಾಪಾರವೆಂದು ಬದಿಗಿಡಲು ನನಗೆ ಮನಸ್ಸಾಗುವುದಿಲ್ಲ. ಎದುರಾಳಿಯ ಪಾತ್ರವನ್ನು ಮನೆಗೆ ಕರೆದಾಗ ಹೇಗೆ ನಡೆಸಿಕೊಳ್ಳಬೇಕು ಎಂಬುದಕ್ಕೆ ನಾನು ಕಂಡ ಒಳ್ಳೆಯ ಪಾಠ ಅಲ್ಲಿದೆ.

ಒಂದೇ ಊರಲ್ಲಿ ಎರಡು ಗರಡಿಗಳಿದ್ದು, ಒಂದರ ಉಸ್ತಾದ ಮುನಿಸಿಕೊಂಡೋ ಮನಸ್ಸು ಬದಲಿಸಿಯೋ ಇನ್ನೊಂದಕ್ಕೆ ಹೋದರೆ ಏನಾಗುತ್ತದೋ ಈ ಎರಡು ಕಂಪನಿಗಳ ಊರಾದ ಜಪಾನಿನ ಒಸಾಕಾದಲ್ಲಿ ಅದೇ ಆಯಿತು. 1987ರಲ್ಲಿ ಮೊದಲ ‘ಸ್ಟ್ರೀಟ್ ಫೈಟರ್’ ನಿರ್ದೇಶಿಸಿದ ತಕಾಶಿ ನಿಶಿಯಾಮಾ ಕ್ಯಾಪ್‌ಕಾಮ್ ಬಿಟ್ಟು ಎಸ್‌ಎನ್‌ಕೆ ಸೇರಿದರು. 1991ರಲ್ಲಿ ಒಂದು ಕಡೆಯಿಂದ ‘ಸ್ಟ್ರೀಟ್ ಫೈಟರ್ 2’ ಬಂತು, ಇನ್ನೊಂದು ಕಡೆಯಿಂದ ನಿಶಿಯಾಮಾ ಅವರ ‘ಫೇಟಲ್ ಫ್ಯೂರಿ’. ಮರುವರ್ಷ ಎಸ್‌ಎನ್‌ಕೆ ‘ಆರ್ಟ್ ಆಫ್ ಫೈಟಿಂಗ್’ ತಂದಾಗ ಅದರ ನಾಯಕ ರಿಯೊ ಸಕಾಜಾಕಿಗೂ ಕ್ಯಾಪ್‌ಕಾಮ್‌ನ ರಿಯೂಗೂ ಹೆಸರಿನಿಂದ ಹಿಡಿದು ಕರಾಟೆ ಅಂಗಿಯವರೆಗೆ ಹೋಲಿಕೆಯಿತ್ತು. ಕ್ಯಾಪ್‌ಕಾಮ್ ಉತ್ತರ ಕೊಟ್ಟಿದ್ದು ಪಾತ್ರದ ಮೂಲಕವೇ. 1995ರ ‘ಸ್ಟ್ರೀಟ್ ಫೈಟರ್ ಆಲ್ಫಾ’ದಲ್ಲಿ ಡ್ಯಾನ್ ಹಿಬಿಕಿ ಎಂಬುವನನ್ನು ಇಳಿಸಿತು. ಗುಲಾಬಿ ಅಂಗಿ, ಎಸ್‌ಎನ್‌ಕೆಯ ರಾಬರ್ಟ್ ಗಾರ್ಸಿಯಾನ ಜುಟ್ಟು. ಒಂದೇ ಕೈಯಲ್ಲಿ ಅವನು ಎಸೆಯುವ ಬೆಂಕಿಯುಂಡೆ ಅಂಗೈ ದಾಟಿ ಸ್ವಲ್ಪವೇ ಮುಂದೆ ಹೋಗಿ ಆರಿಬಿಡುತ್ತದೆ. ಅಣಕವೇ ಹೌದು. ಆದರೆ ಎದುರಾಳಿಯ ಆಟವನ್ನು ಕೂಲಂಕಷವಾಗಿ ಆಡಿ ನೋಡಿದವರು ಮಾತ್ರ ಮಾಡಬಲ್ಲ ಅಣಕ. ಯಾವ ಪಟ್ಟು ಯಾರಿಂದ ಬಂತು, ಅದನ್ನು ಎಷ್ಟು ಮೊಟಕು ಮಾಡಿದರೆ ಆಡುವವನಿಗೆ ನಗು ಬರುತ್ತದೆ ಎಂಬ ಲೆಕ್ಕ ಅದರಲ್ಲಿದೆ.

ಹತ್ತು ವರ್ಷ ಹೀಗೆ ಒಬ್ಬರನ್ನೊಬ್ಬರು ಓದಿಕೊಂಡಿದ್ದರಿಂದಲೇ 2000ದಲ್ಲಿ ‘ಕ್ಯಾಪ್‌ಕಾಮ್ ವರ್ಸಸ್ ಎಸ್‌ಎನ್‌ಕೆ’ ಬಂದಾಗ ಅದು ಸಂತೆಯ ಗುಂಪಾಗಲಿಲ್ಲ. ಇದರ ಎರಡನೇ ಭಾಗ 2001ರದು. ನನ್ನ ಲೆಕ್ಕದಲ್ಲಿ ಈ ಬಗೆಯ ಆಟಗಳಲ್ಲೇ ಅದು ಮೇಲು. ಅಲ್ಲಿ ಪಾತ್ರವನ್ನು ಆರಿಸುವ ಜೊತೆಗೆ ‘ಗ್ರೂವ್’ ಒಂದನ್ನೂ ಆರಿಸಬೇಕು. ಗ್ರೂವ್ ಎಂದರೆ ಆಡುವ ಕಟ್ಟಳೆ. ಒಟ್ಟು ಆರು: ಸಿ, ಎ, ಪಿ ಕ್ಯಾಪ್‌ಕಾಮ್ ಕಡೆಯವು, ಎಸ್, ಎನ್, ಕೆ ಎದುರಿನವರ ಕಡೆಯವು. ಪಿ ಹಿಡಿದರೆ ‘ಸ್ಟ್ರೀಟ್ ಫೈಟರ್ 3’ರಂತೆ ಪೆಟ್ಟು ಬೀಳುವ ಕ್ಷಣಕ್ಕೆ ಸರಿಯಾಗಿ ಮುಂದೊತ್ತಿ ಅದನ್ನು ತಳ್ಳಿಹಾಕಬಹುದು. ಕೆ ಹಿಡಿದರೆ ಎಸ್‌ಎನ್‌ಕೆಯ ‘ಸಮುರಾಯ್ ಶೋಡೌನ್’ ರೀತಿ: ಏಟು ತಿಂದಷ್ಟೂ ಸಿಟ್ಟಿನ ಪಟ್ಟಿ ತುಂಬುತ್ತದೆ, ತುಂಬಿದ ಮೇಲೆ ಹೊಡೆತದ ಬಲ ಏರುತ್ತದೆ. ಯಾವ ಪಾತ್ರಕ್ಕೂ ಯಾವ ಗ್ರೂವ್ ಬೇಕಾದರೂ ಹಾಕಬಹುದು. ರಿಯೂವನ್ನು ಕೆ ಗ್ರೂವ್‌ನಲ್ಲಿ ಆಡಿ ನೋಡಿ. ದೂರ ನಿಂತು ಬೆಂಕಿಯುಂಡೆ ಎಸೆಯುತ್ತ ತಾಳ್ಮೆಯಿಂದ ಕಾಯುತ್ತಿದ್ದವನು ಏಟು ತಿಂದು ಕೆರಳಿ ಮುನ್ನುಗ್ಗುತ್ತಾನೆ. ವರಸೆ ಅವೇ, ಮನುಷ್ಯ ಬೇರೆ. ಎರಡು ಗರಡಿಗಳ ವಿಚಾರವೇ ಇಲ್ಲಿ ಒಂದರೊಳಗೊಂದು ಹೊಕ್ಕಿದೆ.

ಕೊರತೆಯೂ ಇದೆ. ಎಸ್‌ಎನ್‌ಕೆ ಪಾತ್ರಗಳನ್ನು ಹೊಸದಾಗಿ ಬರೆದ ಕ್ಯಾಪ್‌ಕಾಮ್, ತನ್ನದೇ ಮೊರಿಗನ್‌ಳನ್ನು ಮಾತ್ರ 1994ರ ಹಳೇ ಚಿತ್ರಗಳಲ್ಲೇ ತಂದು ನಿಲ್ಲಿಸಿತು. ಉಳಿದವರ ಪಕ್ಕ ಅವಳು ಬಣ್ಣಗೆಟ್ಟ ಭಿತ್ತಿಪತ್ರದಂತೆ ಕಾಣುತ್ತಾಳೆ. ಅತಿಥಿಯ ಮೇಲೆ ತೋರಿದ ಶ್ರದ್ಧೆಯನ್ನು ಮನೆಯವಳ ಮೇಲೆ ತೋರಲಿಲ್ಲ. ಆಟ ಬಂದ 2001ರಲ್ಲೇ ಎಸ್‌ಎನ್‌ಕೆ ದಿವಾಳಿಯಾಯಿತೆಂಬುದನ್ನೂ ಮರೆಯುವ ಹಾಗಿಲ್ಲ. ಎದುರಾಳಿಗಳು ಒಂದೇ ಕಣದಲ್ಲಿ ಕೂಡುವ ಹೊತ್ತಿಗೆ ಒಬ್ಬರು ಸೋತಿರುವುದು ನಿಂಟೆಂಡೊ ಮತ್ತು ಸೇಗಾ ನಡುವೆಯೂ ಆಗಿದೆ. ಸೇಗಾ 2001ರಲ್ಲಿ ಗೇಮ್ ಯಂತ್ರಗಳ ತಯಾರಿಕೆ ಕೈಬಿಟ್ಟ ಮೇಲೆಯೇ ಅದರ ಪಾತ್ರ ಸೋನಿಕ್ 2008ರಲ್ಲಿ ನಿಂಟೆಂಡೊದ ಮಾರಿಯೊನ ಪಕ್ಕ ‘ಸ್ಮ್ಯಾಶ್ ಬ್ರದರ್ಸ್’ ಕಣಕ್ಕಿಳಿದ.

ಇನ್ನು ನಮ್ಮ ಹುಡುಗರ ಕೈಯಲ್ಲಿರುವ ಫೋನಿಗೆ ಬರೋಣ. 2021ರಲ್ಲಿ ‘ಫ್ರೀ ಫೈರ್’ ಎಂಬ ಬಂದೂಕಿನ ಆಟಕ್ಕೆ ರಿಯೂ ಬಂದ, ಬಂಡಲ್ ಆಗಿ. ಬಂಡಲ್ ಎಂದರೆ ವೇಷದ ಗಂಟು. ಹಣೆಪಟ್ಟಿ ಕಟ್ಟಿದ ರಿಯೂ ಬಂದೂಕು ಹಿಡಿದು, ಎಲ್ಲರಂತೆ ಓಡಿ, ಎಲ್ಲರಂತೆ ಗುಂಡು ಹಾರಿಸುತ್ತಾನೆ. ಬರಿಗೈಯ ಹೋರಾಟವೇ ಬದುಕಾಗಿದ್ದ ಪಾತ್ರಕ್ಕೆ ಇದಕ್ಕಿಂತ ದೊಡ್ಡ ಅವಮರ್ಯಾದೆ ನನಗೆ ಹೊಳೆಯುವುದಿಲ್ಲ. ಆ ಆಟದ ನಾಣ್ಯವಾದ ಡೈಮಂಡ್ ಕೊಟ್ಟು ಕೊಂಡ ಹುಡುಗನಿಗೆ ಸಿಕ್ಕಿದ್ದು ಅಂಗಿ ಮಾತ್ರ.

ಪಾತ್ರವನ್ನು ಕಥೆಯಿಂದ ಕಥೆಗೆ ದಾಟಿಸುವ ವಿದ್ಯೆ ನಮ್ಮ ಕೊಪ್ಪಳ ಸೀಮೆಗೆ ಹೊಸದಲ್ಲ. 2025ರಲ್ಲಿ ಪದ್ಮಶ್ರೀ ಗೌರವ ಸಂದ ತೊಗಲುಗೊಂಬೆ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ನಮ್ಮ ಮೋರನಾಳದವರು. ತೊಗಲುಗೊಂಬೆ ಆಟದಲ್ಲಿ ರಾಮಾಯಣವಿರಲಿ, ಭಾರತವಿರಲಿ, ಕಿಳ್ಳೇಕ್ಯಾತ ಮತ್ತು ಅವನ ಹೆಂಡತಿ ಬಂಗಾರಕ್ಕ ಪರದೆಗೆ ನುಗ್ಗುತ್ತಾರೆ. ಆ ಕಥೆಗಳಲ್ಲಿ ಅವರಿಗೆ ಊರೂ ಇಲ್ಲ, ವಂಶವೂ ಇಲ್ಲ. ಹಾಗೆಂದು ರಾಜರ ಎದುರು ಕಿಳ್ಳೇಕ್ಯಾತ ಕಿರೀಟ ತೊಟ್ಟುಕೊಳ್ಳುವುದಿಲ್ಲ; ತನ್ನ ಆಡುಮಾತು, ಪೋಲಿತನ, ಹೆಂಡತಿಯೊಂದಿಗಿನ ಜಗಳ ಎಲ್ಲವನ್ನೂ ಹೊತ್ತುಕೊಂಡೇ ಬರುತ್ತಾನೆ. ದೇವರ ಕಥೆಯೂ ಅವನಿಗಾಗಿ ಬದಲಾಗುವುದಿಲ್ಲ. ನಗು ಹುಟ್ಟುವುದು ಈ ಎರಡು ಕಟ್ಟಳೆಗಳ ತಿಕ್ಕಾಟದಲ್ಲಿ. ಕ್ಯಾಪ್‌ಕಾಮ್–ಎಸ್‌ಎನ್‌ಕೆ ಆಟದ ಗುಣ ಇಲ್ಲೂ ಇದೆ, ಬಂಡಲ್‌ನಲ್ಲಿ ಇಲ್ಲ.

2024ರ ಆಗಸ್ಟ್‌ನಲ್ಲಿ ಚೀನೀ ಕಥೆಯ ವಾನರವೀರ ವುಕಾಂಗ್‌ನ ಮೇಲಿನ ಆಟ ‘ಬ್ಲ್ಯಾಕ್ ಮಿಥ್: ವುಕಾಂಗ್’ ಬಂದ ಮೇಲೆ ಯಲಬುರ್ಗಾ, ಕುಷ್ಟಗಿ ಕಡೆಯ ಹುಡುಗರ ಬಾಯಲ್ಲಿ ಒಂದು ಪ್ರಶ್ನೆ ಕೇಳುತ್ತೇನೆ: ‘ನಮ್ಮ ಹನುಮಪ್ಪಗ, ಆ ವುಕಾಂಗಗ ಕುಸ್ತಿ ಹಚ್ಚಿದ್ರ ಯಾರು ಗೆಲ್ತಾರ್ರಿ ಅಣ್ಣಾ?’ ಹನುಮಂತ ಹುಟ್ಟಿದ ಬೆಟ್ಟವೆಂದು ಜನ ನಂಬುವ ಅಂಜನಾದ್ರಿ ಇರುವುದು ನಮ್ಮ ಗಂಗಾವತಿ ತಾಲ್ಲೂಕಿನಲ್ಲಿ. ಈ ಪ್ರಶ್ನೆ ಬೇರೆಲ್ಲೂ ಇಷ್ಟು ಹತ್ತಿರದ್ದಾಗಲಾರದು. ಚೀನಾದ ವಿದ್ವಾಂಸರೂ ಈ ಇಬ್ಬರನ್ನು ಎದುರುಬದುರು ನಿಲ್ಲಿಸಿದ್ದಾರೆ: ವುಕಾಂಗ್‌ನ ಮೂಲ ಹನುಮಂತನೇ ಇರಬೇಕೆಂದು ಹೂ ಶಿ ವಾದಿಸಿದರು, ಲೂ ಶುನ್ ಒಪ್ಪದೆ ಚೀನಾದ ಹಳೆಯ ಜಲಪಿಶಾಚಿಯೊಂದರ ಕಡೆ ಬೆರಳು ತೋರಿದರು.

ಹನುಮಂತನ ಮೇಲೆ ಗೇಮ್ ಬಂದಿಲ್ಲವೆಂದಲ್ಲ. ಹೈದರಾಬಾದಿನ ಕಂಪನಿಯೊಂದು 2009ರಲ್ಲಿ ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ಮಾಡಿತು. ದೇವರನ್ನು ಗುಂಡಿ ಒತ್ತಿ ಆಡಿಸುವುದು ತಪ್ಪೆಂದು ಆಗ ಕೆಲವರು ಆಕ್ಷೇಪಿಸಿದ್ದರು. ನನ್ನ ಆಕ್ಷೇಪ ಬೇರೆ. ಹಾರುವ, ಗದೆ ಬೀಸುವ ಹುಡುಗನ ಜಾಗದಲ್ಲಿ ಯಾವ ವೀರನನ್ನು ನಿಲ್ಲಿಸಿದರೂ ನಡೆಯುತ್ತದೆ. ಕಿಷ್ಕಿಂಧೆಯ ಕಥೆಯಲ್ಲಿ ಆಟದ ಕಟ್ಟಳೆಗಳು ಸಿದ್ಧವಾಗಿಯೇ ಬಿದ್ದಿವೆ, ಎತ್ತಿಕೊಳ್ಳುವವರಿಲ್ಲ. ವಾಲಿಯನ್ನೇ ನೋಡಿ: ಎದುರು ನಿಂತವರ ಅರ್ಧ ಬಲ ಅವನ ಪಾಲಾಗುತ್ತದೆಂಬುದು ನಮ್ಮ ಜನ ಹೇಳುವ ಕಥೆ. ಆಟ ಶುರುವಾಗುತ್ತಿದ್ದಂತೆ ಎದುರಾಳಿಯ ಬಲದ ಪಟ್ಟಿ ಅರ್ಧ ಇಳಿದು ವಾಲಿಯ ಪಟ್ಟಿ ಏರಬೇಕು. ಇಂಥವನನ್ನು ಎದುರು ನಿಂತು ಗೆಲ್ಲಲಾಗದು, ಕಣದ ಹೊರಗಿನಿಂದ ಬಾಣ ಬರಬೇಕು; ಅದು ಸರಿಯೋ ತಪ್ಪೋ ಎಂಬ ಜಗಳವೂ ಆಟದೊಳಕ್ಕೇ ಬರುತ್ತದೆ. ವಾಲಿ ಸುಗ್ರೀವರು ಒಂದೇ ರೂಪದವರಾದ್ದರಿಂದ ರಾಮನಿಗೆ ಮೊದಲ ಸಲ ಗುರುತು ಸಿಗಲಿಲ್ಲ. ಎರಡನೇ ಸಲ ಸುಗ್ರೀವನ ಕೊರಳಿಗೆ ಹೂಮಾಲೆ ಬಿತ್ತು. ಇಬ್ಬರು ಆಟಗಾರರೂ ಒಂದೇ ಪಾತ್ರ ಆರಿಸಿಕೊಂಡಾಗ ‘ಸ್ಟ್ರೀಟ್ ಫೈಟರ್’ನವರು ಒಬ್ಬನ ಅಂಗಿಯ ಬಣ್ಣ ಬದಲಿಸಿ ಗುರುತು ತೋರಿಸಿದ್ದೂ ಇದೇ ತೊಡಕಿಗಾಗಿ.

ಹುಡುಗರು ಕೇಳಿದ ಹನುಮಂತ–ವುಕಾಂಗ್ ಕುಸ್ತಿಗೂ ಇದೇ ದಾರಿ. ವುಕಾಂಗ್ ಮೈಗೂದಲು ಕಿತ್ತು ಊದಿದರೆ ಅವನಂಥವರೇ ಹತ್ತಾರು ಜನ ಎದ್ದು ನಿಲ್ಲುತ್ತಾರೆ; ಎಪ್ಪತ್ತೆರಡು ಬಗೆಯ ರೂಪ ತಾಳುವ ವಿದ್ಯೆಯೂ ಅವನಿಗಿದೆ. ಎಲ್ಲವೂ ಮೊದಲ ಕ್ಷಣದಿಂದಲೇ ಕೈಯಲ್ಲಿ. ಹನುಮಂತನಿಗೆ ಹಾಗಿಲ್ಲ. ಬಾಲ್ಯದ ಶಾಪದಿಂದ ತನ್ನ ಬಲ ಅವನಿಗೇ ಮರೆತಿರುತ್ತದೆ, ಇನ್ನೊಬ್ಬರು ನೆನಪಿಸಬೇಕು. ಆದ್ದರಿಂದ ಅವನನ್ನು ಆಡಿಸಲು ಇಬ್ಬರು ಬೇಕು: ಒಬ್ಬನ ಕೈಗೆ ಹನುಮಂತ, ಇನ್ನೊಬ್ಬನ ಕೈಗೆ ಜಾಂಬವಂತ. ಮುದುಕ ಜಾಂಬವಂತ ಹೆಚ್ಚು ಹೊಡೆದಾಡಲಾರ, ಏಟು ತಪ್ಪಿಸಿಕೊಳ್ಳುತ್ತ ಒಂದೊಂದಾಗಿ ನೆನಪು ಕೊಡಬೇಕು. ಸೂರ್ಯನನ್ನು ಹಣ್ಣೆಂದು ಹಾರಿದ್ದು ನೆನಪಿಸಿದರೆ ಹಾರುವ ಶಕ್ತಿ, ವಾಯುವಿನ ಮಗನೆಂದು ನೆನಪಿಸಿದರೆ ವೇಗ. ವುಕಾಂಗ್ ಜಾಣನಾದರೆ ಮೊದಲು ಹೊಡೆಯುವುದು ಜಾಂಬವಂತನನ್ನೇ. ಹನುಮಂತ ಒಬ್ಬನೇ ನಿಂತರೆ ಸೋಲು ಖಂಡಿತ ಎಂದು ನಾನು ಹುಡುಗರಿಗೆ ಹೇಳುತ್ತೇನೆ. ಅವರು ಮುನಿಸಿಕೊಳ್ಳುತ್ತಾರೆ, ಆಮೇಲೆ ಜಾಂಬವಂತನನ್ನು ಆಡಿಸುವವರು ಯಾರೆಂದು ತಮ್ಮತಮ್ಮಲ್ಲೇ ಜಗಳಕ್ಕೆ ನಿಲ್ಲುತ್ತಾರೆ.