ಒಂದು ಸೆಂಟಿನ ಕುರ್ಚಿ

ಕುರ್ಚಿಗೆ ಜಾತಿಯಿಲ್ಲ, ಅದು ಬರೀ ದುಡ್ಡಿನ ಲೆಕ್ಕ ಅನ್ನೋ ವಾದವೊಂದಿದೆ. ಹೆಚ್ಚು ಕೊಟ್ಟವನು ಮೆತ್ತೆಯ ಮೇಲೆ ಕೂರ್ತಾನೆ, ಕಡಿಮೆ ಕೊಟ್ಟವನು ಬೆಂಚಿಗೆ ಹೋಗ್ತಾನೆ, ಇದರಲ್ಲಿ ಅವಮಾನ ಎಲ್ಲಿಂದ ಬಂತು ಎಂದು ಕೇಳುತ್ತಾರೆ. ಕೇಳಲಿ. ಕುರ್ಚಿಯನ್ನೇ ಓದಿ ನೋಡೋಣ.

ಇಂಗ್ಲೆಂಡಿನ ಹಳೆಯ ಕುದುರೆ ಸಾರೋಟುಗಳಲ್ಲಿ ಗಾಡಿ ಹೊಡೆಯುವವನ ಜಾಗಕ್ಕೆ ಬಾಕ್ಸ್ ಎಂದು ಹೆಸರು. ಅವನ ಪಕ್ಕದಲ್ಲಿ ಕೂರೋಕೆ ಉಳ್ಳವರ ಮಕ್ಕಳು ಹಾತೊರೆಯುತ್ತಿದ್ದರು. ಒಂದೇ ಹಲಗೆ. ಒಬ್ಬನಿಗೆ ಮಳೆ ಚಳಿಯಲ್ಲಿ ಕೂಲಿ, ಇನ್ನೊಬ್ಬನಿಗೆ ಶೋಕಿ. 1778ರಲ್ಲಿ ತೆರೆದ ಮಿಲಾನಿನ ಲಾ ಸ್ಕಾಲಾ ರಂಗಮಂದಿರದಲ್ಲಿ ಬಾಕ್ಸುಗಳು ಹಿಂದೆ ಶ್ರೀಮಂತ ಮನೆತನಗಳ ಸ್ವಂತ ಆಸ್ತಿಯಾಗಿದ್ದವು. ಪಕ್ಕದ ಬಾಕ್ಸುಗಳಿಂದ ರಂಗ ಓರೆಯಾಗಿ ಕಾಣುತ್ತದೆ. ಎದುರಿನವರಿಗೆ ಮಾತ್ರ ಒಳಗೆ ಕೂತವರು ಚೆನ್ನಾಗಿ ಕಾಣುತ್ತಾರೆ. ನೋಡೋದಕ್ಕಿಂತ ನೋಡಿಸಿಕೊಳ್ಳೋದಕ್ಕೆ ಕೊಟ್ಟ ಬೆಲೆ ಅದು.

ನಮ್ಮ ಟಾಕೀಸುಗಳಲ್ಲಿ ಪರದೆ ಮುಂದಿನ ಗಾಂಧಿ ಕ್ಲಾಸು ಬಡವರದು, ಬಾಲ್ಕನಿ ಉಳ್ಳವರದು. ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ನ್ಯೂ ಗ್ಲಾಸ್ಗೋ ಊರಿನ ರೋಸ್‌ಲ್ಯಾಂಡ್ ಥಿಯೇಟರಿನಲ್ಲಿ ಇದು ತಿರುಗುಮುರುಗಾಗಿತ್ತು: ಬಾಲ್ಕನಿ ಕಪ್ಪು ಜನರಿಗೆ, ಕೆಳಗಿನ ಕುರ್ಚಿ ಬಿಳಿಯರಿಗೆ. ಅಂದರೆ ಮೇಲು ಕೀಳು ಮರದಲ್ಲಿಲ್ಲ, ಎತ್ತರದಲ್ಲೂ ಇಲ್ಲ. ಯಾರನ್ನು ಎಲ್ಲಿ ಕೂರಿಸಬೇಕು ಅನ್ನೋ ಅಧಿಕಾರದಲ್ಲಿದೆ.

1946ರ ನವೆಂಬರ್ 8ರಂದು ವಯೋಲಾ ಡೆಸ್ಮಂಡ್ ಎಂಬ ಕಪ್ಪು ಹೆಣ್ಣುಮಗಳು ಅಲ್ಲಿ ಕೆಳಗೆ ಕುಂತಳು. ಕೇಶಾಲಂಕಾರ ಕಲಿಸುವ ಶಾಲೆ ನಡೆಸಿ ಸ್ವಂತ ದುಡಿಮೆಯಲ್ಲಿ ಬದುಕಿದಾಕೆ. ಹೆಚ್ಚಿನ ದುಡ್ಡು ಕೊಡ್ತೀನಿ ಅಂದಳು. ತಗೊಳ್ಳಲಿಲ್ಲ. ಎಳೆದೊಯ್ದು ರಾತ್ರಿಯಿಡೀ ಲಾಕಪ್ಪಿನಲ್ಲಿಟ್ಟರು. ಮೊಕದ್ದಮೆ ಏನು ಗೊತ್ತೆ? ಎರಡು ಟಿಕೆಟ್ಟುಗಳ ನಡುವಿನ ತೆರಿಗೆಯ ವ್ಯತ್ಯಾಸ, 1 ಸೆಂಟು, ವಂಚಿಸಿದಳಂತೆ! 20 ಡಾಲರ್ ದಂಡ, ಮೇಲೆ 6 ಡಾಲರ್ ಖರ್ಚು. ವಿಚಾರಣೆಯಲ್ಲಿ ಬಣ್ಣದ ಮಾತೇ ಎತ್ತಲಿಲ್ಲ.

ದುಡ್ಡಿನ ಲೆಕ್ಕದ ವಾದ ಬಯಲಾಗೋದು ಇಲ್ಲೇ. ಬೆಲೆಯೊಂದೇ ಮಾತಾಗಿದ್ದರೆ ಆಕೆ ಕೊಡಹೋದ ದುಡ್ಡನ್ನು ಯಾಕೆ ತಳ್ಳಿದರು? ಬಣ್ಣದ ಹೆಸರು ಹೇಳದೆ ಕಾನೂನು ಬಣ್ಣದ ಕೆಲಸ ಮಾಡಿತು. ನಮ್ಮ ಹೋಟೆಲುಗಳ ಬೇರೆ ಲೋಟ ಕಂಡವರಿಗೆ ಈ ಜಾಣತನ ಹೊಸದಲ್ಲ. ಅಲ್ಲೂ ಬೋರ್ಡಿರಲಿಲ್ಲ, ಕಾಸು ಮಾತ್ರ ಒಂದೇ.

2010ರಲ್ಲಿ ಪ್ರಾಂತ್ಯದ ಸರ್ಕಾರ ಕ್ಷಮೆ ಕೇಳಿತು. ಆಕೆ ಸತ್ತು 45 ವರ್ಷವಾಗಿತ್ತು. 2018ರಲ್ಲಿ 10 ಡಾಲರಿನ ನೋಟಿನ ಮೇಲೆ ಆಕೆಯ ಮುಖ ಬಂತು. ಒಳ್ಳೇದೇ. ಆದರೆ ಆವತ್ತು ಆ ಕೈಯ ದುಡ್ಡು ನಡೆಯಲಿಲ್ಲ ಅನ್ನೋದನ್ನು ನೋಟು ಹೇಳೋದಿಲ್ಲ. ಅದನ್ನು ನಾವು ಹೇಳಬೇಕು, ಗೆಳೆಯರೇ.